ಪೆಲೆಟ್ ಗ್ರಿಲ್: ಜಿಡ್ಡು ಬೆಚ್ಚಗಿದ್ದಾಗ, ಬೂದಿ ತಣ್ಣಗಾದ ಮೇಲೆ

ಪೆಲೆಟ್ ಸ್ಮೋಕರ್ ಗ್ರಿಲ್ (ಮರದ ಹೊಟ್ಟಿನ ಗುಳಿಗೆ ಉರಿಸಿ, ಅದರ ಶಾಖ ಹೊಗೆಯಲ್ಲಿ ಬೇಯಿಸುವ ಒಲೆ) ಶುಚಿ ಮಾಡುವ ಕೆಲಸವನ್ನು ನಾನು ಎರಡು ಹೊತ್ತಿಗೆ ಹಂಚಿಕೊಂಡಿದ್ದೇನೆ. ಜಿಡ್ಡು ತೆಗೆಯುವುದು ಅಡುಗೆ ಮುಗಿದ ದಿನವೇ, ಗ್ರಿಲ್ ಇನ್ನೂ ಕೈಗೆ ಬೆಚ್ಚಗೆ ಹತ್ತುವಾಗ. ಬೂದಿ ತೆಗೆಯುವುದು ಮಾರನೆಯ ದಿನ, ಒಳಗೆಲ್ಲ ಪೂರ್ತಿ ತಣ್ಣಗಾದ ಮೇಲೆ. ಎರಡನ್ನೂ ಒಟ್ಟಿಗೆ ಮುಗಿಸಲು ಹೋದರೆ ಒಂದಾದರೂ ಕೆಡುತ್ತದೆ. ತಣ್ಣಗಾದ ಕೊಬ್ಬು ಮೇಣದ ಹಾಗೆ ತಗಡಿಗೆ ಕಚ್ಚಿಕೊಂಡಿರುತ್ತದೆ. ಬೆಚ್ಚಗಿನ ಬೂದಿಯೊಳಗೆ ಕಣ್ಣಿಗೆ ಕಾಣದ ಕೆಂಡ ಕೂತಿರುತ್ತದೆ.

ಬೆಂಕಿ ಹೊತ್ತದಿರುವುದು, ನಡುವೆ ಆರಿಹೋಗುವುದು, ಶಾಖ ಒಂದೇ ಸಮನೆ ನಿಲ್ಲದಿರುವುದು, ಊಟಕ್ಕೆ ಕಹಿ ಹೊಗೆ ಹತ್ತುವುದು: ಈ ದೂರುಗಳು ಬಂದಾಗ ಮೊದಲು ಅನುಮಾನ ಹೋಗುವುದು ಶಾಖ ನಿಯಂತ್ರಿಸುವ ಕಂಟ್ರೋಲರ್ ಮೇಲೆ. ಆದರೆ ಬಹುತೇಕ ಸಲ ಕಾರಣ ಬೂದಿ, ಜಿಡ್ಡು ಅಥವಾ ತೇವ. ಹಾಪರ್ ಎಂಬ ಪೆಟ್ಟಿಗೆಯಲ್ಲಿ ತುಂಬಿಟ್ಟ ಮರದ ಪೆಲೆಟ್‌ಗಳನ್ನು ಆಗರ್ ಎಂಬ ತಿರುಪು ಸರಳು ನಿಧಾನವಾಗಿ ತಳ್ಳಿಕೊಂಡು ಬಂದು ಬೆಂಕಿ ಉರಿಯುವ ಬಟ್ಟಲಾದ ಫೈರ್ ಪಾಟ್‌ಗೆ ಬೀಳಿಸುತ್ತದೆ. ಅಲ್ಲಿ ಬೆರಳಿನಷ್ಟು ದಪ್ಪದ ಇಗ್ನೈಟರ್ ಮೊದಲ ಕೆಲವು ನಿಮಿಷ ಮಾತ್ರ ಕಾದು ಬೆಂಕಿ ಹೊತ್ತಿಸುತ್ತದೆ. ಆಮೇಲೆ ಉರಿಯನ್ನು ಕಾಪಾಡುವುದು ಫ್ಯಾನಿನ ಗಾಳಿ. ಪಾಟ್ ಮೇಲಿನ ಬ್ಯಾಫಲ್ ತಗಡು ಉರಿಯನ್ನು ಹರಡುತ್ತದೆ, ಅದರ ಮೇಲಿನ ಡ್ರಿಪ್ ಟ್ರೇ ಸುರಿಯುವ ಕೊಬ್ಬನ್ನು ಹಿಡಿದು ಓರೆಯಾಗಿ ಬಕೆಟ್ಟಿಗೆ ಕಳಿಸುತ್ತದೆ. ಈ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಎಲ್ಲಿ ಏನು ಕಟ್ಟಿಕೊಳ್ಳುತ್ತದೆ ಎಂಬುದು ತಾನಾಗಿಯೇ ಹೊಳೆಯುತ್ತದೆ.

ಶುಚಿ ಮಾಡುವ ಕೆಲಸ ಗ್ರಿಲ್ ಆರಿಸುವಲ್ಲಿಂದಲೇ ಶುರು. ಶಟ್‌ಡೌನ್ ಗುಂಡಿ ಒತ್ತಿದಾಗ ಆಗರ್ ನಿಲ್ಲುತ್ತದೆ, ಫ್ಯಾನ್ ಇನ್ನೂ ಹತ್ತು ನಿಮಿಷದ ಆಸುಪಾಸು ಓಡಿ ಪಾಟ್‌ನಲ್ಲಿ ಉಳಿದ ಪೆಲೆಟ್‌ಗಳನ್ನು ಸುಟ್ಟು ಮುಗಿಸುತ್ತದೆ. ಅವಸರಕ್ಕೆ ಪ್ಲಗ್ ಕಿತ್ತರೆ ಅರೆಬೆಂದ ಪೆಲೆಟ್‌ಗಳು ಅಲ್ಲೇ ಹೊಗೆಯಾಡುತ್ತ ಉಳಿಯುತ್ತವೆ. ಉರಿ ಆಗರ್ ಕೊಳವೆಯೊಳಗೆ ಹಿಂದಕ್ಕೆ ತೆವಳಿ ಹಾಪರ್ ಮುಟ್ಟುವುದೂ ಉಂಟು. ಹಾಗಾಗಿ ಫ್ಯಾನ್ ತಾನಾಗಿ ನಿಲ್ಲುವವರೆಗೆ ನಾನು ಪ್ಲಗ್ ಮುಟ್ಟುವುದಿಲ್ಲ. ನಿಂತ ಮೇಲೆ ಕೀಳುತ್ತೇನೆ, ಮುಂದಿನ ಕೆಲಸವೆಲ್ಲ ಪ್ಲಗ್ ಕಿತ್ತ ಗ್ರಿಲ್ ಮೇಲೆಯೇ.

ಬೆಚ್ಚಗಿನ ಹೊತ್ತಿನ ಕೆಲಸ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಜಾಲರಿ ತೆಗೆದು ಉಜ್ಜುವುದು ಮೊದಲು. ಸ್ಟೀಲ್ ಜಾಲರಿಯಾದರೆ ಲೋಹದ ಸ್ಕ್ರೇಪರ್ ನಡೆಯುತ್ತದೆ. ಎನಾಮೆಲ್ ಲೇಪನದ್ದಾದರೆ ಬೇಡ, ಲೇಪನ ಚಕ್ಕೆ ಎದ್ದ ಜಾಗದಿಂದಲೇ ತುಕ್ಕು ಒಳಹೊಕ್ಕುತ್ತದೆ. ಅದಕ್ಕೆ ಮರದ ಸ್ಕ್ರೇಪರ್ ಸಾಕು. ಬೀಡುಕಬ್ಬಿಣದ ಜಾಲರಿಯನ್ನು ಸೋಪಿನ ನೀರಿನಲ್ಲಿ ನೆನೆಹಾಕುವುದಿಲ್ಲ, ಉಜ್ಜಿ ಒರೆಸಿ ತೆಳುವಾಗಿ ಎಣ್ಣೆ ಸವರುತ್ತೇನೆ. ತಂತಿ ಬ್ರಷ್ಷನ್ನು ಯಾವುದಕ್ಕೂ ಬಳಸುವುದಿಲ್ಲ. ಅದರ ಕೂದಲೆಳೆಯಂಥ ತಂತಿ ಮುರಿದು ಜಾಲರಿಗೆ ಅಂಟಿ, ಅಲ್ಲಿಂದ ಊಟಕ್ಕೆ, ಊಟದಿಂದ ಗಂಟಲಿಗೆ ಹೋದರೆ ಆಸ್ಪತ್ರೆಯ ಕೆಲಸವಾಗುತ್ತದೆ.

ಡ್ರಿಪ್ ಟ್ರೇಗೆ ಪ್ಲಾಸ್ಟಿಕ್ಕಿನ ಪಟ್ಟಿ ಚಾಕು ಒಳ್ಳೆಯದು. ಮೇಲಿನಿಂದ ಇಳಿಜಾರಿನ ಕಡೆಗೆ ಎಳೆದರೆ ಬೆಚ್ಚಗಿನ ಜಿಡ್ಡು ಒಂದೇ ಪದರವಾಗಿ ಎದ್ದುಬರುತ್ತದೆ. ಅದನ್ನು ಕಾಗದಕ್ಕೆ ತೆಗೆದುಕೊಳ್ಳಬೇಕು, ಬಕೆಟ್ಟಿನ ಕೊಳವೆಗೆ ನೂಕಬಾರದು. ಕೊಳವೆ ಕಟ್ಟಿಕೊಳ್ಳುವುದು ಹೀಗೆಯೇ. ಕೊಳವೆಯೊಳಗೆ ಒಂದು ಮರದ ಕಡ್ಡಿ ಹಾಯಿಸಿ ಆಚೆ ತುದಿಯಲ್ಲಿ ಕಂಡರೆ ಮಾತ್ರ ದಾರಿ ಸಲೀಸಾಗಿದೆ ಎಂದರ್ಥ. ಟ್ರೇಗೆ ಅಲ್ಯೂಮಿನಿಯಂ ಫಾಯಿಲ್ ಹೊದಿಸುವವರು ಒಂದೇ ಪದರ, ಸುಕ್ಕಿಲ್ಲದ ಹಾಗೆ, ಅಂಚಿಗೆ ಬಿಗಿಯಾಗಿ ಮಡಚಿ ಹೊದಿಸಿ. ಸುಕ್ಕಿನಲ್ಲಿ ಕೊಬ್ಬು ನಿಲ್ಲುತ್ತದೆ. ಟ್ರೇಯ ಅಂಚು ದಾಟಿ ಬದಿಯ ಸಂದಿಯನ್ನು ಮುಚ್ಚಿದರೆ ಬಿಸಿಗಾಳಿ ಮೇಲೇರಲು ದಾರಿ ಸಿಗದೆ ಶಾಖದ ಲೆಕ್ಕವೇ ತಪ್ಪುತ್ತದೆ.

ನಿಂತ ಕೊಬ್ಬಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೊಬ್ಬು ಹೆಚ್ಚಿರುವ ದೊಡ್ಡ ಮಾಂಸದ ತುಂಡನ್ನು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಹನ್ನೆರಡು ಗಂಟೆ ಬೇಯಿಸಿದಾಗ ಏನೂ ಆಗುವುದಿಲ್ಲ. ಟ್ರೇ ಹಾಗೆಯೇ ಬಿಟ್ಟು ಮುಂದಿನ ಸಲ ನೇರ 230ಕ್ಕೆ ಏರಿಸಿದಾಗ ತೊಂದರೆ. ಟ್ರೇಯ ಕೆಳಗಿನ ಬ್ಯಾಫಲ್ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ಹಳೆಯ ಕೊಬ್ಬು ಹೊಗೆಯೆದ್ದು ಹೊತ್ತಿಕೊಳ್ಳುತ್ತದೆ. ಹೊತ್ತಿದರೆ ಮುಚ್ಚಳ ತೆರೆಯಬೇಡಿ, ತೆರೆದರೆ ಗಾಳಿ ಸಿಕ್ಕಿ ಉರಿ ಮೇಲೇಳುತ್ತದೆ. ಪ್ಲಗ್ ಮುಟ್ಟಬಾರದು ಎಂದೆನಲ್ಲ, ಅದಕ್ಕೆ ಇದೊಂದೇ ವಿನಾಯಿತಿ: ಕರೆಂಟ್ ಕಡಿದರೆ ಫ್ಯಾನ್ ನಿಲ್ಲುತ್ತದೆ, ಗಾಳಿ ನಿಂತರೆ ಉರಿ ಸೊರಗುತ್ತದೆ. ನೀರು ಖಂಡಿತ ಬೇಡ, ಉರಿಯುವ ಕೊಬ್ಬಿಗೆ ನೀರು ಬಿದ್ದರೆ ಅದು ಸಿಡಿದು ಬೆಂಕಿಯನ್ನೇ ಎರಚುತ್ತದೆ. ಸಣ್ಣ ಉರಿಯಾಗಿ ಕೈಗೆಟುಕುವಂತಿದ್ದರೆ ಅಡುಗೆ ಸೋಡಾ ಚೆಲ್ಲಬಹುದು. ಕೈಮೀರುವಂತಿದ್ದರೆ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಬೇಕು.

ಇನ್ನು ಮಾರನೆಯ ದಿನದ ಕೆಲಸ. ಒಂದು 9 ಕಿಲೋ ಚೀಲ ಪೆಲೆಟ್ ಮುಗಿದಾಗಲೆಲ್ಲ, ಅಥವಾ ಸುಮಾರು 20 ಗಂಟೆ ಓಡಿದ ಮೇಲೆ ಇದನ್ನು ಮಾಡುತ್ತೇನೆ. ಒಲೆಗೆ ಬಳಸುವ ಮರದ ಪೆಲೆಟ್‌ಗಳಿಗೆ ಯುರೋಪಿನ ಗುಣಮಟ್ಟದ ಗುರುತಾದ ಇಎನ್‌ಪ್ಲಸ್‌ನ ಎ1 ದರ್ಜೆಗೆ ಬೂದಿ 0.7% ಮೀರಬಾರದು. ಆ ಲೆಕ್ಕದಲ್ಲಿ 9 ಕಿಲೋದಿಂದ ಬರುವುದು ಹೆಚ್ಚೆಂದರೆ 63 ಗ್ರಾಂ. ತೂಕ ಕಮ್ಮಿ, ಆದರೆ ಬೂದಿ ಹತ್ತಿಯ ಹಾಗೆ ಹಗುರ. ಫ್ಯಾನ್ ಅದನ್ನು ಒಳಗೆಲ್ಲ ಹಾರಿಸಿ, ಬ್ಯಾಫಲ್ ಮೇಲೂ ಶಾಖ ಅಳೆಯುವ ಪ್ರೋಬ್ ಮೇಲೂ ಕೂರಿಸುತ್ತದೆ.

ಮೇಲಿನಿಂದ ಕೆಳಕ್ಕೆ ಬರಬೇಕು. ಮೊದಲು ಚಿಮ್ನಿ: ಟೋಪಿ ತೆಗೆದು ಒಳಗೋಡೆ ಕೆರೆದರೆ ಟಾರಿನಂಥ ಮಸಿ ಉದುರುತ್ತದೆ. ಆಮೇಲೆ ಮುಚ್ಚಳದ ಒಳಮೈ. ಅಲ್ಲಿ ಗಟ್ಟಿಯಾಗಿ ಅಂಟಿದ ನುಣುಪಾದ ಕಪ್ಪು ಪದರ ಇದ್ದರೆ ಇರಲಿ, ಅದು ತುಕ್ಕು ತಡೆಯುತ್ತದೆ. ಬಣ್ಣ ಸುಲಿದ ಹಾಗೆ ಹೊಳೆಯುವ ಚಕ್ಕೆಗಳಾಗಿ ಏಳುತ್ತಿರುವುದನ್ನು ಮಾತ್ರ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯುತ್ತೇನೆ, ಅದು ಊಟದ ಮೇಲೆ ಬೀಳುವಂಥದ್ದು. ಓವನ್ ಕ್ಲೀನರ್ ಒಳಗೆ ಬಳಸುವುದಿಲ್ಲ. ಅದರ ಕ್ಷಾರ ಬಣ್ಣ ತಿನ್ನುತ್ತದೆ, ಸಂದಿಯಲ್ಲಿ ಉಳಿದರೆ ಮುಂದಿನ ಅಡುಗೆಗೆ ಹೊಗೆಯಾಗಿ ಹತ್ತುತ್ತದೆ. ಆಮೇಲೆ ಟ್ರೇ, ಬ್ಯಾಫಲ್ ಹೊರಕ್ಕೆ.

ಬೂದಿ ಎಳೆಯಲು ಲೋಹದ ಡಬ್ಬಿಯ ಆ್ಯಶ್ ವ್ಯಾಕ್ಯೂಮ್ ಬೇಕು. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ನುಣ್ಣನೆ ಬೂದಿ ಫಿಲ್ಟರ್ ದಾಟಿ ಕೋಣೆಗೆ ಉಗುಳುತ್ತದೆ, ಒಂದು ಕೆಂಡದ ಚೂರು ಉಳಿದಿದ್ದರೂ ಕಾಗದದ ಚೀಲ ಹೊತ್ತುತ್ತದೆ. ಎತ್ತಿದ ಬೂದಿ ಮುಚ್ಚಳವಿರುವ ಲೋಹದ ಬಕೆಟ್ಟಿಗೆ, ಅದೂ ಮರದ ನೆಲದ ಮೇಲೆ ಅಲ್ಲ. ದಟ್ಟ ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರಬಲ್ಲದು.

ಒಳಗೆ ನೀರು ಹಾಕಿ ತೊಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮರದ ಬೂದಿಗೆ ನೀರು ಸೇರಿದರೆ ಕ್ಷಾರದ ಕೆಸರಾಗುತ್ತದೆ, ಹಿಂದೆ ಸೋಪು ಮಾಡಲು ಬೂದಿನೀರು ಬಳಸುತ್ತಿದ್ದದ್ದು ಈ ಗುಣಕ್ಕೇ. ಅದು ಮೂಲೆಗಳಲ್ಲಿ ಗಾರೆಯಂತೆ ಗಟ್ಟಿಯಾಗಿ, ಅಡಿಯಲ್ಲಿ ತಗಡನ್ನು ತಿನ್ನುತ್ತದೆ. ನೀರು, ಸೋಪು ಏನಿದ್ದರೂ ಹೊರಗೆ ತೆಗೆದ ಟ್ರೇ, ಜಾಲರಿ, ಬಕೆಟ್ಟಿಗೆ ಮಾತ್ರ.

ಫೈರ್ ಪಾಟ್ ಬಳಿ ಟಾರ್ಚ್ ಹಿಡಿದು ಬಗ್ಗಿ ನೋಡಬೇಕು. ಬೂದಿ ಎಳೆದ ಮೇಲೆ ಗೋಡೆಯ ಸುತ್ತ ಸಣ್ಣ ತೂತುಗಳ ಸಾಲು ಕಾಣುತ್ತದೆ. ಗಾಳಿ ಬರುವುದು ಅವುಗಳಿಂದಲೇ. ಅವುಗಳ ಬಾಯಿಗೆ ಕರಗಿ ಗಟ್ಟಿಯಾದ ಗಾಜಿನಂಥ ಹರಳು ಕೂತಿರುತ್ತದೆ, ಬೆರಳಿಗೆ ಹುರುಪೆಯ ಹಾಗೆ ಹತ್ತುತ್ತದೆ. ಸ್ಕ್ರೂಡ್ರೈವರಿನಿಂದ ಅದನ್ನು ಎಬ್ಬಿಸಿ, ಒಂದೊಂದು ತೂತಿಗೂ ಗಟ್ಟಿ ತಂತಿ ಚುಚ್ಚಿ ತೆರೆಯುತ್ತೇನೆ. ನಾಲ್ಕು ತೂತು ಮುಚ್ಚಿದರೂ ಉರಿ ಒಂದು ಬದಿಗೆ ವಾಲುತ್ತದೆ, ಹೊಗೆ ದಟ್ಟವಾಗುತ್ತದೆ. ಇಗ್ನೈಟರ್ ತುದಿಯ ಮೇಲಿನ ಬೂದಿಯನ್ನು ಒಣ ಬ್ರಷ್ಷಿನಿಂದ ಕೆಡವಬೇಕು, ಬಡಿಯಬಾರದು. ಇಗ್ನೈಟರ್ ಹಾಟ್ ರಾಡ್ ಎಂಬ ಕಾಯುವ ಸರಳಾಗಿರುವ ಬಹಳಷ್ಟು ಗ್ರಿಲ್‌ಗಳಲ್ಲಿ ಅದರ ತುದಿ ಪಾಟ್‌ನೊಳಗೆ ಕಾಲು ಇಂಚಿನಿಂದ ಅರ್ಧ ಇಂಚು ಚಾಚಿರಬೇಕು. ಸ್ಕ್ರೂ ಸಡಿಲಾಗಿ ಹಿಂದೆ ಸರಿದರೆ ರಾಡ್ ಕಾದರೂ ಪೆಲೆಟ್ ಹೊತ್ತುವುದಿಲ್ಲ. ರಾಡ್ ಕಾಯುತ್ತಲೇ ಇಲ್ಲ ಎನಿಸಿದರೆ ಅದರ ಎರಡು ವೈರು ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ನೋಡಿ. 230 ವೋಲ್ಟಿನ 200 ವ್ಯಾಟ್ ರಾಡ್ ಸುಮಾರು 265 ಓಮ್ ತೋರಿಸಬೇಕು, 120 ವೋಲ್ಟಿನದಾದರೆ 72. ಏನೂ ತೋರಿಸದಿದ್ದರೆ ಸುಟ್ಟಿದೆ. ಗ್ರಿಲ್ ಆನ್ ಮಾಡಿದ ಕೂಡಲೇ ಫ್ಯೂಸ್ ಹೋಗುತ್ತಿದ್ದರೂ ಮೊದಲು ನೋಡಬೇಕಾದದ್ದು ಇದೇ ರಾಡ್.

ಒಳಗೋಡೆಯಲ್ಲಿ ಪೆನ್ಸಿಲಿನಂತೆ ಚಾಚಿಕೊಂಡಿರುವ ಶಾಖದ ಪ್ರೋಬನ್ನು ಬಹಳ ಜನ ಮರೆಯುತ್ತಾರೆ. ಮಸಿ ಕಂಬಳಿಯಂತೆ ಹೊದ್ದುಕೊಂಡರೆ ಅದಕ್ಕೆ ಶಾಖ ತಡವಾಗಿ ತಿಳಿಯುತ್ತದೆ. ಕಂಟ್ರೋಲರ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಲೆಟ್ ಸುರಿಯುತ್ತದೆ, ಶಾಖ ಗುರಿ ದಾಟುತ್ತದೆ, ಆಮೇಲೆ ಕುಸಿಯುತ್ತದೆ. ವಿನಿಗರ್ ಹಚ್ಚಿದ ಬಟ್ಟೆಯಿಂದ ಲೋಹ ಹೊಳೆಯುವವರೆಗೆ ಒರೆಸಿದರೆ ಈ ಏರಿಳಿತ ಎಷ್ಟೋ ತಗ್ಗುತ್ತದೆ. ಪಿಟಿ1000 ಬಗೆಯ ಪ್ರೋಬ್ ಆದರೆ ಕಂಟ್ರೋಲರಿನಿಂದ ಬಿಚ್ಚಿ ಅಳೆಯಬಹುದು: 0 ಡಿಗ್ರಿಯಲ್ಲಿ 1000 ಓಮ್, 25 ಡಿಗ್ರಿಯಲ್ಲಿ ಸುಮಾರು 1097, 100 ಡಿಗ್ರಿಯಲ್ಲಿ 1385.

ಫ್ಯಾನ್ ಹಾಪರ್ ಅಡಿಯಲ್ಲಿರುತ್ತದೆ. ಆರು ತಿಂಗಳಿಗೊಮ್ಮೆ ತಳದ ತಗಡು ಬಿಚ್ಚಿ ರೆಕ್ಕೆಗಳ ದೂಳು ಬ್ರಷ್ಷಿನಿಂದ ತೆಗೆದರೆ ಸಾಕು.

ತೇವದ ವಿಷಯಕ್ಕೆ ಹೆಚ್ಚು ಗಮನ ಬೇಕು. ಪೆಲೆಟ್ ಎಂದರೆ ಒತ್ತಿ ಗಟ್ಟಿ ಮಾಡಿದ ಮರದ ಹೊಟ್ಟು, ಅಷ್ಟೇ. ಒಳ್ಳೆಯದು ಮುರಿದರೆ ಟಕ್ಕೆಂದು ಮುರಿಯುತ್ತದೆ, ತೇವ ಕುಡಿದದ್ದು ಸದ್ದಿಲ್ಲದೆ ಬಾಗಿ ಪುಡಿಯಾಗುತ್ತದೆ. ಆಗರ್ ಕೊಳವೆಯೊಳಗೆ ತೇವ ತಗುಲಿದರೆ ಅದು ಉಬ್ಬಿ, ಮತ್ತೆ ಒಣಗಿ, ಕಾಂಕ್ರೀಟಿನಷ್ಟು ಗಟ್ಟಿಯಾಗಿ ಸರಳನ್ನು ಹಿಡಿದುಬಿಡುತ್ತದೆ. ವಾರಕ್ಕಿಂತ ಹೆಚ್ಚು ಬಳಸದಿದ್ದರೆ ಹಾಪರ್ ಖಾಲಿ ಮಾಡಿ, ಪೆಲೆಟ್ಟನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಇಡುತ್ತೇನೆ. ಮರಳಿ ತುಂಬುವಾಗ ಜರಡಿ ಹಿಡಿಯುತ್ತೇನೆ. ಹಾಪರ್ ತಳದಲ್ಲಿ ಸೇರುವ ಹೊಟ್ಟು ಆಗರಿನ ಸುರುಳಿಯಲ್ಲಿ ಕೂತು ಪೆಲೆಟ್ ಸಾಗುವ ಲೆಕ್ಕ ತಪ್ಪಿಸುತ್ತದೆ. ದೀರ್ಘ ಅಡುಗೆಯ ನಡುವೆ ಹಾಪರ್ ಮುಚ್ಚಳ ತೆರೆದು ಪೆಲೆಟ್ಟನ್ನು ಕೋಲಿನಿಂದ ಒಮ್ಮೆ ಕದಡುವುದೂ ಒಳ್ಳೆಯದು. ಆಗರ್ ಮೇಲೆ ಟೊಳ್ಳು ಬಿದ್ದು, ಹಾಪರ್ ತುಂಬಿದ್ದರೂ ಬೆಂಕಿ ಆರುವುದುಂಟು.

ಆಗರ್ ಹಿಡಿದುಕೊಂಡಿದೆಯೋ ಮೋಟರ್ ಕೆಟ್ಟಿದೆಯೋ ಎಂದು ತಿಳಿಯಲು ಎಸಿ ಮೋಟರ್ ಇರುವ ಗ್ರಿಲ್‌ಗಳಲ್ಲಿ ಮೋಟರಿನ ಹಿಂಬದಿಯ ಪುಟ್ಟ ಫ್ಯಾನ್ ನೋಡಿ, ಕೈ ಮಾತ್ರ ಹಾಕಬೇಡಿ, ಅಲ್ಲಿ ಕರೆಂಟ್ ಇರುತ್ತದೆ. ಅದು ಗುಂಯ್‌ಗುಡುತ್ತ ತಿರುಗಲು ಒದ್ದಾಡುತ್ತಿದ್ದರೆ ಸರಳು ಹಿಡಿದಿದೆ. ಅದು ಸಲೀಸಾಗಿ ತಿರುಗುತ್ತಿದ್ದು ಸರಳು ಅಲುಗದಿದ್ದರೆ ಗೇರ್ ಸವೆದಿದೆ, ಅಥವಾ ಎರಡನ್ನೂ ಜೋಡಿಸುವ ಪಿನ್ನು ಮುರಿದಿದೆ. ಹಿಡಿದ ಸರಳನ್ನು ಬಿಡಿಸಲು ಪ್ಲಗ್ ಕಿತ್ತು, ಹಾಪರ್ ಖಾಲಿ ಮಾಡಿ, ಪಿನ್ನು ತೆಗೆದು ಮೋಟರ್ ಬೇರೆ ಮಾಡಬೇಕು. ಸರಳಿನ ತುದಿಯನ್ನು ಲಾಕಿಂಗ್ ಪ್ಲೈಯರಿನಲ್ಲಿ ಬಿಗಿಯಾಗಿ ಹಿಡಿದು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪಾಟ್ ಕಡೆಯಿಂದ ಉದ್ದ ಸ್ಕ್ರೂಡ್ರೈವರಿನಲ್ಲಿ ಗಟ್ಟಿಯನ್ನು ಒಡೆಯುತ್ತ ಹೋದರೆ ತಾಳ್ಮೆ ಇದ್ದಷ್ಟು ಬೇಗ ಬಿಡುತ್ತದೆ. ಮೋಟರಿನ ಬಲದಿಂದಲೇ ಬಿಡಿಸಲು ಹೋದರೆ ಗೇರ್ ಹೋಗುತ್ತದೆ.

ಬೆಂಕಿ ನಡುವೆ ಆರಿದಾಗ ಮಾಡುವ ಒಂದು ತಪ್ಪು ನಿಜಕ್ಕೂ ಅಪಾಯದ್ದು. ಗ್ರಿಲ್ ಆರಿದ್ದು ಗೊತ್ತಾಗುವ ಹೊತ್ತಿಗೆ ಆಗರ್ ಪಾಟ್ ತುಂಬ, ಕೆಲವೊಮ್ಮೆ ತುಂಬಿ ಹೊರಚೆಲ್ಲುವಷ್ಟು ಪೆಲೆಟ್ ಸುರಿದಿರುತ್ತದೆ. ಹಾಗೆಯೇ ಮತ್ತೆ ಆನ್ ಮಾಡಿದರೆ ಆ ರಾಶಿ ಹೊತ್ತದೆ ಹೊಗೆಯಾಡುತ್ತದೆ, ಗ್ರಿಲ್ ಒಳಗೆಲ್ಲ ದಟ್ಟ ಬಿಳಿ ಹೊಗೆ ತುಂಬುತ್ತದೆ. ಆ ಹೊಗೆಯೂ ಉರಿಯುವಂಥದ್ದೇ. ಒಂದು ಕಿಡಿ ತಗುಲಿದ್ದೇ ತಡ ಧಬ್ ಎಂದು ಹೊತ್ತಿ ಮುಚ್ಚಳವನ್ನೇ ಎಗರಿಸುತ್ತದೆ. ಆದ್ದರಿಂದ ಬೆಂಕಿ ಆರಿದರೆ ತಣ್ಣಗಾಗಲು ಬಿಟ್ಟು, ಜಾಲರಿ, ಟ್ರೇ, ಬ್ಯಾಫಲ್ ಎಲ್ಲ ತೆಗೆದು, ಪಾಟ್ ಖಾಲಿ ಮಾಡಿಯೇ ಮತ್ತೆ ಹೊತ್ತಿಸಬೇಕು. ಅಡುಗೆ ತಡವಾದರೂ ಸರಿ.

ಮರಳಿ ಜೋಡಿಸುವಾಗ ಬ್ಯಾಫಲ್ ಪಾಟ್ ಮೇಲೆ ಸರಿಯಾಗಿ ಕೂತಿದೆಯೇ, ಟ್ರೇ ಬಕೆಟ್ ಕಡೆಗೇ ವಾಲಿದೆಯೇ ನೋಡಿ. ಹಾಪರ್ ಖಾಲಿ ಮಾಡಿದ್ದರೆ ಇನ್ನೊಂದು ಹೆಜ್ಜೆ ಇದೆ. ಖಾಲಿ ಕೊಳವೆ ದಾಟಿ ಪೆಲೆಟ್ ಪಾಟ್ ಮುಟ್ಟಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಇಗ್ನೈಟರಿನ ಸಮಯ ಮುಗಿದಿರುತ್ತದೆ. ಆದ್ದರಿಂದ ಆಗರನ್ನು ಮಾತ್ರ ಓಡಿಸುವ ಪ್ರೈಮ್ ಗುಂಡಿ ಒತ್ತಿ, ಪೆಲೆಟ್ ಪಾಟ್‌ಗೆ ಟಣ್ ಟಣ್ ಎಂದು ಬೀಳುವ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಆಮೇಲೆ ಮುಚ್ಚಳ ತೆರೆದಿಟ್ಟು ಹೊತ್ತಿಸುತ್ತೇನೆ (ಕೆಲವು ಗ್ರಿಲ್‌ಗಳ ಕೈಪಿಡಿ ಮುಚ್ಚಿಯೇ ಹೊತ್ತಿಸಿ ಎನ್ನುತ್ತದೆ, ಅಲ್ಲಿ ಕೈಪಿಡಿಯ ಮಾತೇ ಸರಿ). ಮೊದಲು ಬಿಳಿ ಹೊಗೆ ಬರುತ್ತದೆ, ಉರಿ ಹಿಡಿದ ಹಾಗೆ ತೆಳುವಾಗಿ ನೀಲಿಗೆ ತಿರುಗುತ್ತದೆ. ಅಲ್ಲಿಂದ 180 ಡಿಗ್ರಿಯಲ್ಲಿ ಅರ್ಧ ಗಂಟೆ ಖಾಲಿ ಓಡಿಸಿದರೆ ಒರೆಸಿದ ವಿನಿಗರ್, ಉಳಿದ ಜಿಡ್ಡಿನ ವಾಸನೆ ಎಲ್ಲ ಹೋಗುತ್ತದೆ. ಹೊದಿಕೆ ಹಾಕುವುದು ಇದೆಲ್ಲ ತಣ್ಣಗಾದ ಮೇಲೆ. ಬೆಚ್ಚಗಿರುವಾಗಲೇ ಹೊದಿಸಿದರೆ ಒಳಗೆ ಬೆವರು ಕಟ್ಟಿ, ಹೊರಗಿಟ್ಟ ತೇವವೆಲ್ಲ ಮತ್ತೆ ಹಾಪರ್ ಸೇರುತ್ತದೆ.