ಅಲ್ಪಾಕಾ ಉಣ್ಣೆ: ಮೈಗೆ ಯಾವುದು, ಕುರ್ಚಿಗೆ ಯಾವುದು, ನೆಲಕ್ಕೆ ಯಾವುದು

ಅಲ್ಪಾಕಾ ಎಂದರೆ ದಕ್ಷಿಣ ಅಮೆರಿಕದಲ್ಲಿ ಉಣ್ಣೆಗಾಗಿ ಸಾಕುವ, ಒಂಟೆಯ ಬಳಗದ ಪ್ರಾಣಿ. ಅದರ ಉಣ್ಣೆಯ ಹೊದಿಕೆ ಕೊಳ್ಳುವಾಗ ಅಂಗೈಯಿಂದ ಸವರಿ ತೀರ್ಮಾನಿಸಬೇಡಿ. ಅಂಗೈ ಚರ್ಮ ದಪ್ಪ, ಅದಕ್ಕೆ ಎಲ್ಲವೂ ನುಣುಪೇ. ಹೊದಿಕೆಯ ಮಡಿಕೆಯನ್ನು ಕತ್ತಿನ ಪಕ್ಕಕ್ಕೋ ಮೊಣಕೈಯ ಒಳಮಗ್ಗುಲಿಗೋ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಚುಚ್ಚುವಂಥದ್ದಾದರೆ ಅಲ್ಲೇ ಗೊತ್ತಾಗುತ್ತದೆ. ಅಮ್ಮನಿಗೆಂದು ನಾನು ಮೊದಲು ತಂದ ಹೊದಿಕೆಯನ್ನು ಹೀಗೆ ನೋಡಿರಲಿಲ್ಲ. ಒಂದು ರಾತ್ರಿ ಹೊದ್ದು ಮಲಗಿದ್ದಕ್ಕೆ ಬೆಳಿಗ್ಗೆ ಅಮ್ಮನ ಗಲ್ಲದ ಕೆಳಗೆಲ್ಲ ಕೆಂಪಾಗಿತ್ತು. ಹೊದಿಕೆ ಕೆಟ್ಟದ್ದಾಗಿರಲಿಲ್ಲ, ನಾನು ಅದನ್ನು ಬಳಸಿದ ಜಾಗ ತಪ್ಪಾಗಿತ್ತು. ಈಗ ಅದು ಅಮ್ಮನ ಕುರ್ಚಿಯ ಮೇಲೆ ಹಾಸಿದೆ. ಆರು ವರ್ಷವಾದರೂ ಸವೆದಿಲ್ಲ.

ಚುಚ್ಚುವುದು ಎಳೆಯ ದಪ್ಪದಿಂದ. ಸುಮಾರು 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಾಟಿದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಮುಳ್ಳಿನಂತೆ ಒತ್ತುತ್ತದೆ. ಅದಕ್ಕಿಂತ ಸಣ್ಣ ಎಳೆ ಬಾಗಿಬಿಡುತ್ತದೆ. ಪೆರುವಿನ ಅರೆಕಿಪಾ ನಗರದಲ್ಲಿ ಅನುಭವಸ್ಥ ಹೆಂಗಸರು ಕತ್ತರಿಸಿ ತಂದ ಉಣ್ಣೆಯನ್ನು ಬೆರಳಿನಿಂದಲೇ ಮುಟ್ಟಿ ದರ್ಜೆ ದರ್ಜೆಯಾಗಿ ವಿಂಗಡಿಸುತ್ತಾರೆ. ಆ ದರ್ಜೆಗಳ ಹೆಸರು ಮಾತ್ರ ದಾರಿ ತಪ್ಪಿಸುವಂಥವು. ‘ಬೇಬಿ ಅಲ್ಪಾಕಾ’ ಎಂದರೆ ಮರಿಯ ಉಣ್ಣೆ ಎಂದಲ್ಲ, 22 ಮೈಕ್ರಾನಿನ ಆಸುಪಾಸಿನ ಎಳೆ ಎಂದು. ಬೆಳೆದ ಪ್ರಾಣಿಯ ಮೈಯಿಂದಲೂ ಅದು ಸಿಗುತ್ತದೆ. ‘ಸೂಪರ್‌ಫೈನ್’ ಅಂದಾಗ ಅದಕ್ಕಿಂತ ನವಿರು ಅನ್ನಿಸುತ್ತದೆ, ಆದರೆ ಅದು ಬೇಬಿಗಿಂತ ದಪ್ಪ, 26ರ ಹತ್ತಿರ. ಹಾಗಾಗಿ ಚೀಟಿಯಲ್ಲಿ ಮೈಕ್ರಾನ್ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ.

ರಾತ್ರಿ ಹೊದೆಯಲು, ಮಗುವಿಗೆ ಸುತ್ತಲು ಬೇಬಿ. ಸೋಫಾದ ಮೇಲೆ ಹರವಿ ಆಗಾಗ ಕಾಲಿಗೆ ಎಳೆದುಕೊಳ್ಳಲು ಸೂಪರ್‌ಫೈನ್ ಧಾರಾಳವಾಗಿ ಸಾಕು. ಕುರ್ಚಿಯ ಹಾಸು, ನೆಲದ ರಗ್ಗು ಇವಕ್ಕೆ 30 ದಾಟಿದ ಒರಟು ಉಣ್ಣೆಯೇ ಸರಿ. ನವಿರು ಉಣ್ಣೆಯ ರಗ್ಗಿಗೆ ದುಡ್ಡು ಸುರಿಯುವುದು ನನಗೆ ಸಂಕಟದ ವಿಷಯ. ತುಳಿತಕ್ಕೆ ಅದು ಬೇಗ ಗಂಟುಗಟ್ಟುತ್ತದೆ.

ಅಲ್ಪಾಕಾದಲ್ಲಿ ಎರಡು ತಳಿ. ಹುವಾಕಾಯಾದ್ದು ಗುಂಗುರು, ಉಬ್ಬಿದ ಉಣ್ಣೆ, ಹೊದಿಕೆಗೆ ಹೇಳಿಮಾಡಿಸಿದ್ದು. ‘ಸುರಿ’ ತಳಿಯದ್ದು ಜಡೆಯಂತೆ ಇಳಿಬೀಳುವ, ರೇಷ್ಮೆಯ ಹೊಳಪಿನ ಉಣ್ಣೆ. ದಿಂಬಿನ ಕವರಿಗೆ ಚೆನ್ನ. ಎರಡರಲ್ಲೂ ಕುರಿ ಉಣ್ಣೆಯ ಜಿಡ್ಡು ಇಲ್ಲವೆನ್ನುವಷ್ಟು ಕಡಿಮೆ. ಎಷ್ಟೋ ಎಳೆಗಳ ಒಳಗೇ ಟೊಳ್ಳು ಇರುವುದರಿಂದ ಅಲ್ಲಿ ಗಾಳಿ ನಿಂತು ಬೆಚ್ಚಗಾಗುತ್ತದೆ. ಆಂಡಿಸ್ ಪರ್ವತದಲ್ಲಿ 4,000 ಮೀಟರ್ ಎತ್ತರದ ರಾತ್ರಿಗಳನ್ನು ಬಯಲಲ್ಲಿ ಕಳೆಯುವ ಪ್ರಾಣಿಯ ಉಣ್ಣೆ ಅದು.

ಇದರ ಕೊರತೆ ಒಂದೇ, ಪುಟಿತ ಇಲ್ಲ. ಎಳೆದರೆ ಕುರಿ ಉಣ್ಣೆಯಂತೆ ಹಿಂದಕ್ಕೆ ಬರುವುದಿಲ್ಲ. ನಾನೇ ಹೆಣೆದ ಹೊದಿಕೆಯೊಂದನ್ನು ತೊಳೆದು ಹಗ್ಗದ ಮೇಲೆ ಹಾಕಿದ್ದೆ. ನೀರಿನ ಭಾರಕ್ಕೆ ಸಂಜೆಯ ಹೊತ್ತಿಗೆ ಒಂದು ಗೇಣು ಉದ್ದವಾಗಿತ್ತು, ಮತ್ತೆ ಮೊದಲಿನ ಅಳತೆಗೆ ಬರಲೇ ಇಲ್ಲ. ಎರಡು ತಿಂಗಳ ಸಂಜೆಗಳ ಕೆಲಸ ಅದು. ಆಮೇಲಿಂದ ದೊಡ್ಡ ಹೊದಿಕೆಯಾದರೆ ಹೆಣೆದದ್ದಕ್ಕಿಂತ ನೇಯ್ದದ್ದನ್ನೇ ಆರಿಸುತ್ತೇನೆ. ಹೆಣೆಯಲೇಬೇಕಾದರೆ ಕಾಲು ಭಾಗ ಕುರಿ ಉಣ್ಣೆ ಬೆರೆತ ನೂಲು ತೆಗೆದುಕೊಳ್ಳಿ, ಆಕಾರ ನಿಲ್ಲುತ್ತದೆ.

ಅಸಲಿಯೋ ಅಲ್ಲವೋ ಎಂಬ ಅನುಮಾನ ಬಂದರೆ ಅಂಚಿನ ಕುಚ್ಚಿನಿಂದ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಪ್ರಾಣಿಯ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ಅಕ್ರಿಲಿಕ್ ಎಂಬ ಕೃತಕ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕುರಿಯದ್ದೋ ಅಲ್ಪಾಕಾದ್ದೋ ಎಂಬುದು ಮಾತ್ರ ಇದರಿಂದ ತಿಳಿಯದು.

ತೊಳೆಯುವ ಗಡಿಬಿಡಿ ಬೇಡ. ತಿಂಗಳಿಗೊಮ್ಮೆ ನೆರಳಿನಲ್ಲಿ ಗಾಳಿಗೆ ಹರವಿದರೆ ವಾಸನೆ ಹೋಗುತ್ತದೆ. ಬಣ್ಣ ಹಾಕದ ಕಂದು, ಕಪ್ಪು ಉಣ್ಣೆ ಬಿಸಿಲಿಗೆ ಪೇಲವವಾಗುವುದರಿಂದ ನೆರಳೇ ಆಗಬೇಕು. ತೊಳೆಯಲೇಬೇಕಾದಾಗ 30 ಡಿಗ್ರಿ ಮೀರದ ನೀರಿನಲ್ಲಿ ಸ್ವಲ್ಪ ಶಾಂಪೂ ಕದಡಿ ಹತ್ತು ನಿಮಿಷ ಮುಳುಗಿಸಿಡಿ. ಉಜ್ಜಬೇಡಿ, ಉಜ್ಜಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಜಡ್ಡುಗಟ್ಟುತ್ತವೆ. ಜಾಲಾಡುವ ನೀರೂ ಅದೇ ಬಿಸಿಯಲ್ಲಿರಲಿ. ಹಿಂಡುವ ಬದಲು ದೊಡ್ಡ ಟವೆಲಿನಲ್ಲಿ ಚಾಪೆಯಂತೆ ಸುತ್ತಿ ಒತ್ತಿ, ಮತ್ತೊಂದು ಒಣ ಟವೆಲಿನ ಮೇಲೆ ಸಮತಟ್ಟಾಗಿ ಹರವಿ, ಅಂಚುಗಳನ್ನು ಕೈಯಿಂದ ನೇರ ಮಾಡಿ. ಹಗ್ಗದ ಹತ್ತಿರವೂ ಒಯ್ಯಬೇಡಿ.

ಎತ್ತಿಡುವ ಮುಂಚೆ ಮಾತ್ರ ತೊಳೆಯುವುದನ್ನು ತಪ್ಪಿಸಬೇಡಿ. ಉಣ್ಣೆ ತಿನ್ನುವ ಪತಂಗದ ಮರಿಹುಳುಗಳಿಗೆ ಬೆವರು, ಊಟದ ಕಲೆ ಇರುವ ಜಾಗವೆಂದರೆ ಬಲು ಇಷ್ಟ. ಹುಳು ಬಿದ್ದ ಅನುಮಾನವಿದ್ದರೆ ಹೊದಿಕೆಯನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಬಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬೇಗ ಬಿಚ್ಚಿದರೆ ತಣ್ಣನೆಯ ಉಣ್ಣೆಯ ಮೇಲೆ ಗಾಳಿಯ ತೇವ ಕೂತುಬಿಡುತ್ತದೆ.