ಓಮ್ನಿಯ ಟೈ ರಾಡ್ ಎಂಡ್: ಸುತ್ತಿಗೆ ಎಲ್ಲಿ ಬೀಳಬೇಕು?

ನಮ್ಮ ಬೀದಿಯಲ್ಲಿ ಈಗಲೂ ಮೂರು ಓಮ್ನಿಗಳಿವೆ. ಒಂದು ಹಾಲಿನದು, ಒಂದು ಶಾಮಿಯಾನದವರದು, ಇನ್ನೊಂದು ನನ್ನದು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿ ಇದು. ಆಮೇಲೆ ಓಮ್ನಿ ಆಯಿತು. 2019ರಲ್ಲಿ ತಯಾರಿಕೆ ನಿಂತಿತು. ಆದರೂ ಸಂತೆ, ಮದುವೆ ಮನೆ, ಅಡಿಕೆ ಮಂಡಿ ಎಲ್ಲಿ ಹೋದರೂ ಒಂದಾದರೂ ನಿಂತಿರುತ್ತದೆ. 12 ಇಂಚಿನ ಪುಟ್ಟ ಚಕ್ರ, ಮೇಲೆ ಮಿತಿಯಿಲ್ಲದ ಲೋಡು. ಗುಂಡಿ ಬಂದರೆ ಚಕ್ರ ಪೂರ್ತಿ ಒಳಗಿಳಿದೇ ಮೇಲೆ ಬರಬೇಕು. ಹಾಗಾಗಿ ಮುಂದಿನ ಕೀಲುಗಳು ಬೇಗ ಸಡಿಲವಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಹೋದ ತಿಂಗಳು ಶಾಮಿಯಾನದ ಹುಡುಗ ಟೈ ರಾಡ್ ಎಂಡ್ ಬದಲಾಯಿಸಲು ಕೂತ. ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳೇ ಟೈ ರಾಡ್, ಅದರ ಹೊರತುದಿಯ ಕೀಲು ಟೈ ರಾಡ್ ಎಂಡ್. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಟಣ್ ಟಣ್ ಸದ್ದು ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಹೋಗಿ ನೋಡಿದರೆ ಬೋಲ್ಟಿನ ತುದಿಗೇ ಹೊಡೆಯುತ್ತಿದ್ದಾನೆ. ತುದಿ ಅಣಬೆಯ ಹಾಗೆ ಅರಳಿ ಕೂತಿದೆ. ಈಗ ನಟ್ಟೂ ಬರುವುದಿಲ್ಲ, ಎಂಡೂ ಬರುವುದಿಲ್ಲ. "ಅಣ್ಣಾ, ಇದು ಜಾಮ್ ಆಗಿದೆ" ಅಂದ. ಜಾಮ್ ಆಗಿರಲಿಲ್ಲ ಮಾರಾಯ, ನೀನೇ ಮಾಡಿದ್ದು! ಬೈಯಲು ನನಗೂ ಬಾಯಿಲ್ಲ. ನನ್ನ ಮೊದಲ ಸಲವೂ ಹೀಗೇ ಆಗಿ, ಹ್ಯಾಕ್ಸಾ ಹಿಡಿದು ಎರಡು ಗಂಟೆ ಕೊಯ್ದಿದ್ದೆ.

ಮೊದಲು ರೋಗ ಯಾವುದು ನೋಡಿ

ಸ್ಟೀರಿಂಗ್ ಅದುರಿದರೆ, ಗಾಡಿ ಒಂದು ಕಡೆ ಎಳೆದರೆ, ಗುಂಡಿಗೆ ಬಿದ್ದಾಗ 'ಕಟ್' ಅಂದರೆ ಎಲ್ಲರೂ ಟೈ ರಾಡ್ ಎಂಡ್ ಅಂತಲೇ ಹೇಳುತ್ತಾರೆ. ಪಾರ್ಟು ತರುವ ಮುಂಚೆ ಟೈರಿನ ಗಾಳಿ ನೋಡಿ. ಓಮ್ನಿಯಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಗಾಳಿ ಕಮ್ಮಿಯಾದರೇ ಸ್ಟೀರಿಂಗ್ ಭಾರ ಅನಿಸುತ್ತದೆ.

ಗಾಡಿ ನೆಲದ ಮೇಲೆ ನಿಂತಿರುವಾಗಲೇ ಒಬ್ಬರನ್ನು ಸೀಟಿನಲ್ಲಿ ಕೂರಿಸಿ. ಎಂಜಿನ್ ಆಫ್ ಇರಲಿ. ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಎರಡೆರಡು ಇಂಚು ಮಾತ್ರ ಆಡಿಸಲು ಹೇಳಿ. ನೀವು ಕೆಳಗೆ ಬಗ್ಗಿ, ಟೈ ರಾಡ್ ಎಂಡ್ ಮತ್ತು ಅದು ಕೂತಿರುವ ಕಣ್ಣು (ಚಕ್ರದ ಕಡೆಯ ಸ್ಟೀರಿಂಗ್ ಆರ್ಮಿನ ತೂತು), ಎರಡಕ್ಕೂ ಸೇರಿಸಿ ಬೆರಳಿಡಿ. ಕೀಲು ಸರಿ ಇದ್ದರೆ ಎರಡೂ ಒಟ್ಟಿಗೇ ಚಲಿಸುತ್ತವೆ. ಸವೆದಿದ್ದರೆ ಒಂದು ಮೊದಲು, ಇನ್ನೊಂದು ಆಮೇಲೆ. ಆ ಸಣ್ಣ ತಡ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಆಮೇಲೆ ಚಕ್ರ ಎತ್ತಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಪ್ಲೇ, ಅಂದರೆ ಸಡಿಲ, ಇದ್ದರೆ ಟೈ ರಾಡ್ ಎಂಡ್ ಅಥವಾ ರಾಡಿನ ಒಳತುದಿಯ ಕೀಲಾದ ರ‍್ಯಾಕ್ ಎಂಡ್ ಇರಬಹುದು. ಹನ್ನೆರಡು ಮತ್ತು ಆರರಲ್ಲಿ ಪ್ಲೇ ಇದ್ದರೆ ವೀಲ್ ಬೇರಿಂಗ್ ಅಥವಾ ಚಕ್ರವನ್ನು ಕೆಳಗಿನ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್. ಯಾವುದು ಅಂತ ತಿಳಿಯಲು ಸೀಟಿನಲ್ಲಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಪ್ಲೇ ಮಾಯವಾದರೆ ಬೇರಿಂಗ್. ಆಗಲೂ ಉಳಿದರೆ ಬಾಲ್ ಜಾಯಿಂಟ್.

ಸಾಮಾನು, ಮತ್ತು ಅಂಗಡಿಯವರ ಮಾತು

ಜಾಕಿ, ಎರಡು ಜಾಕ್ ಸ್ಟ್ಯಾಂಡ್, ರಿಂಗ್ ಮತ್ತು ಓಪನ್ ಸ್ಪಾನರ್ ಸೆಟ್, ಕಟಿಂಗ್ ಪ್ಲೇಯರ್, ತಂತಿ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಒಂದು ಡಬ್ಬಿ ಬಿಳಿ ಪೇಂಟು, ಎರಡು ಸುತ್ತಿಗೆ. ಎರಡು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಸೈಜುಗಲ್ಲು, ಹಾಲೋ ಬ್ಲಾಕ್ ಇಟ್ಟು ಗಾಡಿ ಕೆಳಗೆ ತಲೆ ಹಾಕುವವರನ್ನು ನೋಡಿದರೆ ನನಗೆ ಮೈ ಜುಂ ಅನ್ನುತ್ತದೆ. ಹಾಲೋ ಬ್ಲಾಕ್ ಒಡೆಯುವ ಮುಂಚೆ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಪಾರ್ಟು ಕೊಳ್ಳುವಾಗ ಕೌಂಟರಿನಲ್ಲಿ ಮೂರು ದರ ಹೇಳುತ್ತಾರೆ: ಒರಿಜಿನಲ್, ಸೆಕೆಂಡು, ಲೋಕಲ್. "ಎಲ್ಲಾ ಒಂದೇ ಸಾರ್, ಡಬ್ಬಿ ಮಾತ್ರ ಬೇರೆ" ಅನ್ನುವ ಮಾತೂ ಜೊತೆಗೆ ಬರುತ್ತದೆ. ಒಂದಲ್ಲ. ನಾನು ಒಮ್ಮೆ ಅಗ್ಗದ್ದು ತಂದು ಹಾಕಿದ್ದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಕೀಲನ್ನು ಮುಚ್ಚುವ ರಬ್ಬರ್ ಬೂಟ್ ಬಿರಿದು, ಒಳಗಿನ ಗ್ರೀಸ್ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಅಂಗಡಿಯಲ್ಲೇ ಎಂಡನ್ನು ಕೈಯಲ್ಲಿ ಹಿಡಿದು ಸ್ಟಡ್ಡನ್ನು, ಅಂದರೆ ಅದರ ಬೋಲ್ಟಿನಂಥ ಕಾಲನ್ನು, ತಿರುಗಿಸಿ ನೋಡಿ. ಹೊಸದು ಬಿಗಿಯಾಗಿ, ಎಲ್ಲ ಕಡೆಗೂ ಒಂದೇ ಸಮ ತಿರುಗಬೇಕು. ಲೊಳಲೊಳ ಆಡಿದರೆ ವಾಪಸ್ ಕೊಡಿ. ನಟ್ಟು ಬಿಚ್ಚಿಕೊಳ್ಳದಂತೆ ಹಿಡಿಯುವ ಹೊಸ ಸ್ಪ್ಲಿಟ್ ಪಿನ್ ಡಬ್ಬಿಯಲ್ಲೇ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಕೇಳಿ ತಗೊಳ್ಳಿ.

ಎತ್ತುವುದು, ಗುರುತು ಹಾಕುವುದು

ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಗೇರ್, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು. ನೆಲದ ಮೇಲಿರುವಾಗಲೇ ವೀಲ್ ನಟ್ಟು ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ. ಬಿಚ್ಚಿದ ಚಕ್ರವನ್ನು ಗಾಡಿಯ ಕೆಳಗೇ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ಈಗ ತಂತಿ ಬ್ರಷ್‌ನಿಂದ ಥ್ರೆಡ್ ಉಜ್ಜಿ. ಟೈ ರಾಡ್ ಎಂಡಿಗೆ ತಾಗಿಕೊಂಡು ಒಂದು ಲಾಕ್ ನಟ್ಟು ಇರುತ್ತದೆ. ಅದು ಈಗ ಇರುವ ಜಾಗದಲ್ಲಿ, ಅಂದರೆ ನಟ್ಟಿನ ಹಿಂಬದಿಯ ಅಂಚು ಥ್ರೆಡ್ಡಿಗೆ ತಾಗುವಲ್ಲಿ, ಬಿಳಿ ಪೇಂಟಿನ ಗೆರೆ ಎಳೆಯಿರಿ. ಟೇಪಿನಲ್ಲಿ ಉದ್ದ ಅಳೆದು ಗೋಡೆಯ ಮೇಲೋ ಅಂಗೈ ಮೇಲೋ ಬರೆದುಕೊಳ್ಳಿ. ಹಳೆ ಎಂಡನ್ನು ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಬಂತು ಅಂತಲೂ ಎಣಿಸಬೇಕು. ಮೂರೂ ಬೇಕಾ ಅಂದರೆ, ಬೇಕು. ಎಣಿಸುವಾಗ ಫೋನ್ ಬರುತ್ತದೆ, ಪೇಂಟು ಅಳಿಸಿ ಹೋಗುತ್ತದೆ. ಒಂದೇ ಸುತ್ತು ಹೆಚ್ಚುಕಮ್ಮಿಯಾದರೂ ಟೈರಿನ ಅಂಚಿನಲ್ಲಿ ಅದು ಹಲವು ಮಿಲಿಮೀಟರ್ ಆಗುತ್ತದೆ. ಅಷ್ಟು ಸಾಕು ಟೈರ್ ತಿನ್ನಲು. ಲಾಕ್ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ. ಎಂಡ್ ಇನ್ನೂ ಕಣ್ಣಿನಲ್ಲಿ ಕೂತಿರುವಾಗಲೇ ಇದನ್ನು ಮಾಡಿ. ಆಮೇಲಾದರೆ ಎಂಡ್ ಕೈಯಲ್ಲಿ ಸುತ್ತುತ್ತಾ ಸತಾಯಿಸುತ್ತದೆ.

ಈಗ ಸುತ್ತಿಗೆ

ಎಂಡ್ ಯಾಕೆ ಅಷ್ಟು ಗಟ್ಟಿಯಾಗಿ ಕೂರುತ್ತದೆ? ಅದರ ಸ್ಟಡ್ಡು ನೇರ ಕಂಬದ ಹಾಗಿಲ್ಲ. ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಮೆಕ್ಯಾನಿಕ್‌ಗಳು ಟೇಪರ್ ಅನ್ನುತ್ತಾರೆ. ಸ್ಟೀರಿಂಗ್ ಆರ್ಮಿನ ಕಣ್ಣೂ ಅದೇ ಆಕಾರ. ನಟ್ಟು ಬಿಗಿದಷ್ಟೂ ಬಾಟಲಿಗೆ ಬಿರಡೆ ಕೂತ ಹಾಗೆ ಕಚ್ಚಿಕೊಳ್ಳುತ್ತದೆ. ನಟ್ಟು ತೆಗೆದರೂ ಆ ಕಚ್ಚು ಬಿಡುವುದಿಲ್ಲ.

ಸ್ಪ್ಲಿಟ್ ಪಿನ್ನಿನ ಕಾಲು ನೇರ ಮಾಡಿ ಎಳೆದು ತೆಗೆಯಿರಿ. ತುಕ್ಕು ಹಿಡಿದು ಮುರಿದರೆ ಸಣ್ಣ ಪಂಚ್‌ನಿಂದ ತಟ್ಟಿ. ಸ್ಪ್ರೇ ಹೊಡೆದು ಟೀ ಕುಡಿದು ಬನ್ನಿ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಹೊಡೆದಿಡಿ. ನಟ್ಟನ್ನು ಬಿಚ್ಚಿ, ಆದರೆ ಪೂರ್ತಿ ತೆಗೆಯಬೇಡಿ. ನಟ್ಟಿನ ಮುಖ ಸ್ಟಡ್ಡಿನ ತುದಿಗೆ ಸಮವಾಗುವವರೆಗೆ ತಂದು ಬಿಡಿ. ಎರಡು ಲಾಭ: ಥ್ರೆಡ್ ಉಳಿಯುತ್ತದೆ, ಎಂಡ್ ದಿಢೀರ್ ಅಂತ ಕಳಚಿ ಮುಖಕ್ಕೆ ಬಡಿಯುವುದಿಲ್ಲ.

ಈಗ ಹೊಡೆಯಬೇಕಾದದ್ದು ಸ್ಟಡ್ಡಿಗಲ್ಲ, ಕಣ್ಣಿಗೆ. ಸ್ಟೀರಿಂಗ್ ಆರ್ಮಿನ ತುದಿಯಲ್ಲಿ ಸ್ಟಡ್ಡನ್ನು ಸುತ್ತಿ ಹಿಡಿದಿರುವ ದಪ್ಪ ಉಂಗುರ ಇದೆಯಲ್ಲ, ಅದರ ಪಕ್ಕಕ್ಕೆ. ದೊಡ್ಡ ಸುತ್ತಿಗೆಯನ್ನು ಉಂಗುರದ ಒಂದು ಬದಿಗೆ ಒತ್ತಿ ಹಿಡಿಯಿರಿ. ಇನ್ನೊಂದರಿಂದ ಎದುರು ಬದಿಗೆ ಹೊಡೆಯಿರಿ. ಒಂದು ಕಿಲೋ ತೂಕದ ಸುತ್ತಿಗೆಯಾದರೆ ಒಳ್ಳೆಯದು. ಹತ್ತು ಸಣ್ಣ ಏಟು ಬೇಡ, ಎರಡು ಮೂರು ಸರಿಯಾದ ಏಟು ಸಾಕು. ಪ್ರತಿ ಏಟಿಗೂ ಉಂಗುರ ಒಂದು ಕ್ಷಣ ಕೂದಲೆಳೆಯಷ್ಟು ಆಕಾರ ಬದಲಿಸುತ್ತದೆ. ಅಷ್ಟರಲ್ಲೇ ಟೇಪರ್ ಕಚ್ಚು ಬಿಡುತ್ತದೆ. ಎಂಡ್ ಟಪ್ ಅಂತ ಕಳಚಿ ನಟ್ಟಿಗೆ ತಗುಲಿ ನಿಲ್ಲುತ್ತದೆ. ಬಿಡದಿದ್ದರೆ ಟೈ ರಾಡನ್ನು ಕಬ್ಬಿಣದ ಸರಳಿನಿಂದ ಕಳಚುವ ದಿಕ್ಕಿಗೆ ಒತ್ತಿ ಹಿಡಿಯಲು ಇನ್ನೊಬ್ಬರಿಗೆ ಹೇಳಿ ಮತ್ತೆ ಹೊಡೆಯಿರಿ. ಕನ್ನಡಕ ಹಾಕಿಕೊಳ್ಳಿ, ತುಕ್ಕಿನ ಚೂರು ಕಣ್ಣಿಗೇ ಬರುತ್ತದೆ. ಪಕ್ಕದಲ್ಲಿ ಬ್ರೇಕ್ ಹೋಸ್ ಇರುತ್ತದೆ, ಏಟು ಜಾರಿ ಅದಕ್ಕೆ ಬೀಳಬಾರದು.

ಸ್ಟಡ್ಡನ್ನು ಸ್ಕ್ರೂ ಬಿಗಿದು ಒತ್ತಿ ಬಿಡಿಸುವ ಪುಲ್ಲರ್ ಇದ್ದರೆ ಸಂತೋಷ. ಪುಲ್ಲರ್ ಬಿಗಿ ಮಾಡಿಟ್ಟು ಉಂಗುರಕ್ಕೆ ಒಂದು ಏಟು ಕೊಟ್ಟರೆ ಕೆಲಸ ಇನ್ನೂ ಸಲೀಸು. ಆದರೆ ಎರಡು ಹಲ್ಲಿನ ಫೋರ್ಕ್ ಮಾತ್ರ ನನಗೆ ಇಷ್ಟವಿಲ್ಲ. ಬೂಟನ್ನು ಹರಿಯದೆ ಅದು ಬಿಡುವುದೇ ಇಲ್ಲ. ಹೇಗೂ ಎಸೆಯುವ ಎಂಡ್ ಆದರೆ ಸರಿ. ಗ್ಯಾಸ್ ಹಚ್ಚಿ ಕಾಯಿಸುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಸುತ್ತ ರಬ್ಬರ್, ಗ್ರೀಸ್, ಬ್ರೇಕ್ ಹೋಸ್, ಅದೂ ಪೆಟ್ರೋಲ್ ಗಾಡಿ.

ಎಂಡ್ ತೆಗೆದ ಮೇಲೆ ಸ್ಟೀರಿಂಗ್ ರ‍್ಯಾಕಿನ ಬೂಟ್ ಒಮ್ಮೆ ನೋಡಿ. ಅಕಾರ್ಡಿಯನ್ ತರಹ ಮಡಿಕೆ ಇರುವ ರಬ್ಬರ್ ಅದು. ಹರಿದಿದ್ದರೆ ಈಗಲೇ ಬದಲಾಯಿಸಿ. ಎಂಡ್ ಮತ್ತು ಲಾಕ್ ನಟ್ಟು ಬಿಚ್ಚದೆ ಆ ಬೂಟ್ ಹೊರಗೆ ಬರುವುದಿಲ್ಲ, ಇವತ್ತು ಬಿಟ್ಟರೆ ಇದೇ ಕೆಲಸ ಮತ್ತೊಮ್ಮೆ.

ಹೊಸದು ಕೂರಿಸುವಾಗ

ಎಣಿಸಿದಷ್ಟೇ ಸುತ್ತು ತಿರುಗಿಸಿ, ಪೇಂಟಿನ ಗೆರೆಗೆ ಲಾಕ್ ನಟ್ಟು ತಾಗಿದೆಯಾ ನೋಡಿ. ಕಣ್ಣಿನ ಒಳಭಾಗವನ್ನೂ ಟೇಪರನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ. ಇಲ್ಲಿ ಗ್ರೀಸ್ ಹಚ್ಚುವವರಿದ್ದಾರೆ, ಹಚ್ಚಬೇಡಿ. ಟೇಪರ್ ಒಣಗಿದ್ದರೇ ಕಚ್ಚುವುದು.

ನಟ್ಟು ಬಿಗಿಯುವಾಗ ಸ್ಟಡ್ಡೂ ಜೊತೆಗೇ ಸುತ್ತಲು ಶುರು ಮಾಡಿದರೆ ಗಾಬರಿ ಬೇಡ. ಟೇಪರ್ ಇನ್ನೂ ಕಚ್ಚಿಲ್ಲ, ಅಷ್ಟೇ. ಎಂಡಿನ ತಲೆಯನ್ನು ಕಣ್ಣಿನ ಕಡೆಗೆ ಒತ್ತಬೇಕು. ನಟ್ಟು ಮೇಲಿದ್ದರೆ ಕೆಳಗಿಂದ ಜಾಕಿ ಮೆಲ್ಲಗೆ ತಾಗಿಸಿ. ನಟ್ಟು ಕೆಳಗಿದ್ದರೆ ಮೇಲಿಂದ ಸರಳಿನಿಂದ ಅದುಮಿ. ಎರಡು ಸುತ್ತು ಬಿಗಿಯಾದರೆ ತಾನಾಗಿ ಕಚ್ಚುತ್ತದೆ.

ಸರ್ವಿಸ್ ಪುಸ್ತಕದಲ್ಲಿರುವ ಟಾರ್ಕಿಗೆ, ಅಂದರೆ ಬಿಗಿತದ ಅಳತೆಗೆ, ಬಿಗಿಯಿರಿ. ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಯಾಗಿ ಬಾರದಿದ್ದರೆ ಇನ್ನಷ್ಟು ಬಿಗಿಯಿರಿ, ಯಾವತ್ತೂ ಸಡಿಲಿಸಬೇಡಿ. ಹೊಸ ಪಿನ್ ಹಾಕಿ ಎರಡೂ ಕಾಲು ಮಡಚಿ. ಪಿನ್ ಸಿಗಲಿಲ್ಲ ಅಂತ ಮೊಳೆ ಬಗ್ಗಿಸಿ ಹಾಕಿದ್ದನ್ನು, ಬೈಂಡಿಂಗ್ ತಂತಿ ಸುತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಗಾಡಿಯಲ್ಲಿ ಶಾಲೆ ಮಕ್ಕಳು ಕೂರುತ್ತಿದ್ದರು.

ಲೋಯರ್ ಆರ್ಮ್ ಬುಷ್ ಕೂಡ ಹೋಗಿದ್ದರೆ

ಲೋಯರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳು, ಬುಷ್ ಅಂದರೆ ಅದು ಗಾಡಿಗೆ ಸೇರುವಲ್ಲಿನ ರಬ್ಬರ್. ಬಾಲ್ ಜಾಯಿಂಟಿನ ಟೇಪರ್ ಬಿಡಿಸುವುದೂ ಇದೇ ಉಪಾಯದಿಂದ, ಹಾಗಾಗಿ ಮತ್ತೆ ಹೇಳುವುದಿಲ್ಲ. ಬುಷ್‌ನಲ್ಲಿ ಮಾತ್ರ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಗಾಡಿ ಗಾಳಿಯಲ್ಲಿರುವಾಗಲೇ, ಆರ್ಮ್ ಕೆಳಗೆ ಜೋತಾಡುತ್ತಿರುವಾಗಲೇ ಅದರ ಬೋಲ್ಟನ್ನು ಪೂರ್ತಿ ಬಿಗಿಯುತ್ತಾರೆ. ಗಾಡಿ ಇಳಿಸಿದಾಗ ಆರ್ಮ್ ಮೇಲೆ ಬರುತ್ತದೆ, ಬುಷ್‌ನ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಉಳಿಯುತ್ತದೆ. ಬೇಗ ಹರಿಯುತ್ತದೆ. ಆಮೇಲೆ ಪಾರ್ಟು ಡೂಪ್ಲಿಕೇಟ್ ಅಂತ ಅಂಗಡಿಯವರ ಜೊತೆ ಜಗಳ! ಬೋಲ್ಟನ್ನು ಕೈಬಿಗಿಯಲ್ಲಿ ಬಿಟ್ಟು, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಿ.

ಶಾಕ್ ಅಬ್ಸಾರ್ಬರ್ ಲೀಕ್ ಇದ್ದರೆ ನಾನು ಮನೆಯಲ್ಲಿ ಮುಟ್ಟುವುದಿಲ್ಲ. ಓಮ್ನಿಯ ಮುಂಭಾಗದಲ್ಲಿ ಶಾಕ್, ಸ್ಪ್ರಿಂಗ್ ಎರಡೂ ಒಂದೇ ಸ್ಟ್ರಟ್ಟಿನಲ್ಲಿ ಒತ್ತಿ ಕೂತಿರುತ್ತವೆ. ಮೇಲಿನ ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಬಾಣದ ಹಾಗೆ ಹಾರುತ್ತದೆ. ಹಗ್ಗ ಕಟ್ಟಿ ಹಿಡಿಯುತ್ತೇವೆ ಅನ್ನುವವರ ಹತ್ತಿರ ನಿಲ್ಲಲೂ ಬೇಡಿ. ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೆ ಸ್ಟ್ರಟ್ ಸಮೇತ ಕೊಟ್ಟು ಬನ್ನಿ.

ಅಲೈನ್‌ಮೆಂಟ್

ಎಷ್ಟೇ ಎಣಿಸಿ ಹಾಕಿದ್ದರೂ ಚಕ್ರಗಳ ನೇರ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಲೇಬೇಕು. ಹೊಸ ಎಂಡಿನ ಉದ್ದ ಹಳೆಯದಕ್ಕೆ ಸ್ವಲ್ಪ ಹೆಚ್ಚುಕಮ್ಮಿ ಇರುವುದು ಮಾಮೂಲು. ಅಂಗಡಿಗೆ ಹೋಗುವವರೆಗೆ ದಾರಿ ಸಾಗಬೇಕಲ್ಲ, ಅದಕ್ಕೆ ಒಂದು ನಾಟಿ ಉಪಾಯ: ಗಾಡಿಯನ್ನು ನಾಲ್ಕಾರು ಅಡಿ ಮುಂದೆ ತಳ್ಳಿ, ಸ್ಟೀರಿಂಗ್ ನೇರ ಇಟ್ಟು, ಎರಡೂ ಮುಂದಿನ ಟೈರಿನ ನಡುಗೆರೆಗೆ ಸೀಮೆಸುಣ್ಣದ ಗುರುತು ಹಾಕಿ. ಒಂದೇ ಎತ್ತರದಲ್ಲಿ, ಟೈರಿನ ಮುಂಬದಿಯಲ್ಲಿ ಒಮ್ಮೆ, ಹಿಂಬದಿಯಲ್ಲಿ ಒಮ್ಮೆ, ಎರಡು ಗುರುತಿನ ಮಧ್ಯೆ ಅಳೆಯಿರಿ. ಒಂದು ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಬಂದರೆ ಎಲ್ಲೋ ಎಣಿಕೆ ತಪ್ಪಿದೆ, ಬಿಚ್ಚಿ ನೋಡಿ. ಕೆಲವೇ ಮಿಲಿಮೀಟರ್ ಆದರೆ ನಿಧಾನವಾಗಿ ಓಡಿಸಿಕೊಂಡು ಹೋಗಿ.

ಲಾಕ್ ನಟ್ಟನ್ನು ಅಲೈನ್‌ಮೆಂಟ್‌ನವರು ಬಿಚ್ಚಿಯೇ ಬಿಚ್ಚುತ್ತಾರೆ. ಕೆಲಸ ಮುಗಿದ ಮೇಲೆ ನೀವೇ ಬಗ್ಗಿ ಸ್ಪಾನರ್ ಹಾಕಿ ನೋಡಿ. ಹೋದ ಸಲ ನನ್ನ ಗಾಡಿಯಲ್ಲಿ ಬಲಗಡೆಯದು ಬೆರಳಿಗೇ ತಿರುಗುತ್ತಿತ್ತು.