ಇನ್ಸುಲಿನ್: ಚುಚ್ಚುವ ಮೊದಲು ಎಳೆಯಲು ಕಲಿಯಿರಿ

ವೈದ್ಯರು ಇನ್ಸುಲಿನ್ ಬರೆದುಕೊಟ್ಟ ದಿನ ಮನೆಮಂದಿಗೆಲ್ಲ ಸೂಜಿಯದೇ ಚಿಂತೆ. ನೋಯುತ್ತದೆಯೇ, ರಕ್ತ ಬರುತ್ತದೆಯೇ, ಯಾರು ಚುಚ್ಚಬೇಕು? ಕೊಡಗಿನ ವಿರಾಜಪೇಟೆಯಲ್ಲಿ ಔಷಧದಂಗಡಿ ನಡೆಸುತ್ತಾ ನಾನು ಕಂಡಂತೆ ಚುಚ್ಚುವುದನ್ನು ಎಲ್ಲರೂ ಬೇಗನೆ ಕಲಿತುಬಿಡುತ್ತಾರೆ. ವರ್ಷಗಟ್ಟಲೆ ತಪ್ಪಾಗಿಯೇ ಉಳಿಯುವುದು ಬಾಟಲಿಯಿಂದ ಮದ್ದು ಎಳೆಯುವ ಕೆಲಸ. ಆದ್ದರಿಂದ ಇಲ್ಲಿ ಹೆಚ್ಚಿನ ಮಾತು ಅದರ ಮೇಲೆಯೇ. ಎಷ್ಟು ಯೂನಿಟ್, ದಿನಕ್ಕೆ ಎಷ್ಟು ಸಲ ಎಂಬುದು ನಿಮ್ಮ ವೈದ್ಯರಿಗೆ ಬಿಟ್ಟದ್ದು. ಅದರಲ್ಲಿ ನಾನು ಕೈ ಹಾಕುವುದಿಲ್ಲ, ನೆರೆಮನೆಯವರನ್ನೂ ಹಾಕಲು ಬಿಡಬೇಡಿ.

1. ಇಡುವ ಜಾಗ

ತೆರೆಯದ ಬಾಟಲಿ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಲಿ. ಮಂಜುಗಡ್ಡೆ ಕಟ್ಟುವ ಖಾನೆಯ ಹತ್ತಿರ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಚೆನ್ನಾಗಿಯೇ ಕಂಡರೂ ಕೆಲಸಕ್ಕೆ ಬಾರದು, ಎಸೆಯಿರಿ. ತೆರೆದ ಬಾಟಲಿಯನ್ನು ಹೊರಗೆ ತಂಪಾದ ಕಡೆ ಸುಮಾರು ನಾಲ್ಕು ವಾರ ಇಡಬಹುದು. ತೆರೆದ ತಾರೀಖನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಭಾಗಮಂಡಲ, ನಾಪೋಕ್ಲು ಕಡೆಯವರು ಮದ್ದು ಕೆಟ್ಟಿತೇನೋ ಎಂದು ಗಾಬರಿಯಾಗುತ್ತಾರೆ. ಆ ಚಳಿಯಲ್ಲಿ ಏನೂ ಆಗುವುದಿಲ್ಲ. ಫ್ರಿಜ್ ನಿಂತ ದಿನದಿಂದ ನಾಲ್ಕು ವಾರ ಎಣಿಸಿಕೊಂಡರೆ ಸಾಕು. ಕೆಡುವುದು ಬೇರೆ ಕಡೆ: ಸೌದೆ ಒಲೆಯ ಪಕ್ಕದ ಗೂಡಿನಲ್ಲಿ, ಬಿಸಿಲಿಗೆ ನಿಂತ ಕಾರಿನೊಳಗೆ. ಮೈಸೂರಿಗೋ ಮಂಗಳೂರಿಗೋ ಇಳಿಯುವಾಗ ಬಾಟಲಿ ಡ್ಯಾಶ್‌ಬೋರ್ಡಿನಲ್ಲಿರದೆ ಕೈಚೀಲದಲ್ಲಿರಲಿ. ಅಂದ ಹಾಗೆ, ಆನ್‌ಲೈನ್‌ನಲ್ಲಿ ಮಾರುವ ಬಣ್ಣದ ‘ಇನ್ಸುಲಿನ್ ಚೀಲ’ಗಳ ಮೇಲೆ ನನಗೆ ನಂಬಿಕೆಯಿಲ್ಲ. ಅದರೊಳಗಿನ ಐಸ್ ಪ್ಯಾಕ್ ಬಾಟಲಿಗೆ ನೇರ ತಾಗಿ ಮದ್ದನ್ನೇ ಹೆಪ್ಪುಗಟ್ಟಿಸಬಹುದು. ಇದ್ದರೆ ಬಾಟಲಿಗೆ ಟವೆಲ್ ಸುತ್ತಿ ಇಡಿ.

2. ಶುಗರ್ ನೋಡುವುದು

ಸೋಪು ಹಾಕಿ ಕೈ ತೊಳೆದು, ಒರೆಸಿ, ಬೆರಳಿನ ಬದಿಯಲ್ಲಿ ಚುಚ್ಚಿ. ಕಿತ್ತಳೆ ಸುಲಿದ ಕೈಯಲ್ಲಿ, ಕಾಫಿ ಹಣ್ಣು ಕೊಯ್ದು ಬಂದ ಕೈಯಲ್ಲಿ ನೋಡಿದರೆ ಚರ್ಮಕ್ಕೆ ಅಂಟಿದ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಆ ಸುಳ್ಳು ಅಂಕಿ ನೋಡಿ ಹೆಚ್ಚು ಇನ್ಸುಲಿನ್ ಹಾಕಿಕೊಂಡವರಿದ್ದಾರೆ.

3. ಸಿರಿಂಜ್ ಮತ್ತು ಬಾಟಲಿಯ ಹೊಂದಾಣಿಕೆ

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಶಕ್ತಿಯದು. ಇನ್ಸುಲಿನ್ ಪೆನ್ನಿಗೆ (ಪೆನ್ನಿನಾಕಾರದ ಚುಚ್ಚುವ ಸಾಧನ) ಹಾಕುವ ಮದ್ದಿನ ಕೊಳವೆ, ಅಂದರೆ ಕಾರ್ಟ್ರಿಡ್ಜ್, 100 ಯೂನಿಟ್‌ನದು, ಕೆಲವು ಬಾಟಲಿಗಳೂ 100ರವು. ಸಿರಿಂಜುಗಳೂ ಹಾಗೆಯೇ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ ಮುಚ್ಚಳದ್ದು 100ಕ್ಕೆ. ಬಾಟಲಿಯ ಚೀಟಿಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೈಮೇಲಿನ ಅಂಕಿ ಒಂದೇ ಇರಬೇಕು. ಬಣ್ಣ ನೋಡಿದರೂ ಅಂಕಿಯನ್ನೂ ಓದಿ.

ತಪ್ಪಿದರೆ ಏನಾಗುತ್ತದೆ? ವೈದ್ಯರು 20 ಯೂನಿಟ್ ಹೇಳಿದ್ದಾರೆ ಎನ್ನಿ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಇಳಿಯುವುದಿಲ್ಲ, ‘ಈ ಮದ್ದು ನನಗೆ ಹಿಡಿಸುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಉಲ್ಟಾ ಆದರೆ ಜೀವಕ್ಕೇ ಕುತ್ತು. ಪೆನ್ ಕೆಟ್ಟಿತೆಂದು ಕಾರ್ಟ್ರಿಡ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಅದು 50 ಯೂನಿಟ್. ಕಾರ್ಟ್ರಿಡ್ಜಿಗೆ ಸಿರಿಂಜ್ ಚುಚ್ಚುವ ಅಭ್ಯಾಸವೇ ಬೇಡ.

‘ಕೆಂಪು ಮುಚ್ಚಳದ್ದು ಸ್ಟಾಕ್ ಇಲ್ಲ, ಇದನ್ನೇ ಲೆಕ್ಕ ಹಾಕಿ ಬಳಸಿ’ ಎನ್ನುವ ಅಂಗಡಿಯವರೂ ಇದ್ದಾರೆ. ಒಪ್ಪಬೇಡಿ. ಮುಂದಿನ ಅಂಗಡಿಗೆ ಹೋಗಿ. ಗೋಣಿಕೊಪ್ಪದಲ್ಲಿ ಮುಗಿದಿದ್ದರೆ ಕುಶಾಲನಗರದಲ್ಲಿ ಇರುತ್ತದೆ. ಬೆಳಗಿನ ನಿದ್ದೆಗಣ್ಣಿನಲ್ಲಿ ಭಾಗಾಕಾರ ಮಾಡುವ ಸ್ಥಿತಿ ಯಾರಿಗೂ ಬರಬಾರದು. ಒಂದೇ ಮನೆಯಲ್ಲಿ ಇಬ್ಬರಿಗೆ ಬೇರೆ ಬೇರೆ ಇನ್ಸುಲಿನ್ ಇದ್ದರೆ ಎರಡು ಡಬ್ಬಿ ಮಾಡಿ, ಹೆಸರು ಬರೆದು ಇಡಿ.

4. ಉರುಳಿಸುವುದು

30/70ರ ಮಿಶ್ರ ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು) ಹಾಲಿನಂತೆ ಬೆಳ್ಳಗಿರುತ್ತದೆ, ಇಟ್ಟಲ್ಲೇ ಇಟ್ಟರೆ ತಳದಲ್ಲಿ ಕೂರುತ್ತದೆ. ಎರಡು ಅಂಗೈ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಟಾನಿಕ್ ಬಾಟಲಿ ಕುಲುಕಿದಂತೆ ಕುಲುಕಿದರೆ ನೊರೆ ಬಂದು ಅಳತೆ ತಪ್ಪುತ್ತದೆ. ಉರುಳಿಸಿದ ಮೇಲೂ ಚೂರುಗಳು ತೇಲಿದರೆ ಬಾಟಲಿ ಕೆಟ್ಟಿದೆ. ತಿಳಿನೀರಿನಂಥ ಇನ್ಸುಲಿನ್‌ಗೆ ಉರುಳಿಸುವ ಅಗತ್ಯವಿಲ್ಲ. ಅದು ಮಬ್ಬಾಗಿ ಕಂಡರೆ ಬಳಸಬೇಡಿ.

5. ಎಳೆಯುವುದು

ರಬ್ಬರ್ ಬಿರಡೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ಎಷ್ಟು ಯೂನಿಟ್ ಬೇಕೋ ಅಷ್ಟೇ ಗಾಳಿಯನ್ನು ಮೊದಲು ಸಿರಿಂಜಿಗೆ ಎಳೆದುಕೊಳ್ಳಿ. ಬಾಟಲಿ ಮೇಜಿನ ಮೇಲೆ ನೇರವಾಗಿ ನಿಂತಿರುವಾಗಲೇ ಆ ಗಾಳಿಯನ್ನು ಒಳಗೆ ಬಿಡಿ. ಈ ಹಂತವನ್ನು ಬಹಳ ಮಂದಿ ಹಾರಿಸುತ್ತಾರೆ. ಹಾರಿಸಿದರೆ ದಿನ ಕಳೆದಂತೆ ಬಾಟಲಿಯೊಳಗೆ ನಿರ್ವಾತ ಕಟ್ಟಿ ಪಿಸ್ಟನ್ ಹಿಂದಕ್ಕೆ ಜಗ್ಗುತ್ತದೆ, ಎಳೆಯುವಾಗ ಗುಳ್ಳೆ ಬರುತ್ತದೆ.

ಈಗ ಸೂಜಿ ಒಳಗಿರುವಂತೆಯೇ ಬಾಟಲಿ ಬೋರಲು ಮಾಡಿ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಸೂಜಿಯ ತುದಿ ಮದ್ದಿನೊಳಗೇ ಮುಳುಗಿರಬೇಕು. ಬೇಕಾದ ಗೆರೆಗಿಂತ ಎರಡು ಗೆರೆ ಹೆಚ್ಚಿಗೆ ಎಳೆಯಿರಿ. ಗುಳ್ಳೆ ಕಂಡರೆ ಬೆರಳಿನಿಂದ ಸಿರಿಂಜನ್ನು ತಟ್ಟಿ ಮೇಲಕ್ಕೆ ಬರಿಸಿ, ಹೆಚ್ಚುವರಿ ಮದ್ದಿನೊಂದಿಗೆ ಬಾಟಲಿಗೇ ತಳ್ಳಿ, ಸರಿಯಾದ ಗೆರೆಗೆ ನಿಲ್ಲಿಸಿ. ಚರ್ಮದಡಿ ಗಾಳಿ ಹೋದರೆ ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಗುಳ್ಳೆ ಹಿಡಿದ ಜಾಗದಷ್ಟು ಮದ್ದು ಕಡಿಮೆಯಾಗುತ್ತದೆ. ಓದಬೇಕಾದದ್ದು ಪಿಸ್ಟನ್‌ನ ಕಪ್ಪು ರಬ್ಬರಿನಲ್ಲಿ ಸೂಜಿಯ ಕಡೆಗಿರುವ ಅಂಚನ್ನು. ಒಂದು ಮಿಲಿಯ 100ರ ಸಿರಿಂಜಿನಲ್ಲಿ ಸಣ್ಣ ಗೆರೆಯೊಂದಕ್ಕೆ ಎರಡು ಯೂನಿಟ್ ಎಂಬುದು ನೆನಪಿರಲಿ. ಅಜ್ಜ, ಅಜ್ಜಿಯರಿಗೆ ಈ ಗೆರೆಗಳು ಕಾಣುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದರೆ, ಬೆಲೆ ಕೈಗೆ ಎಟುಕುವುದಾದರೆ, ಪೆನ್ನಿಗೆ ಬದಲಾಯಿಸಲು ವೈದ್ಯರನ್ನು ಕೇಳುವುದೇ ಮೇಲು. ಪೆನ್ನಿನಲ್ಲೂ ಪ್ರತಿ ಸಲ ಎರಡು ಯೂನಿಟ್ ಗಾಳಿಗೆ ಬಿಟ್ಟು, ಹನಿ ಕಂಡ ಮೇಲೆ ಅಳತೆ ತಿರುಗಿಸಬೇಕು.

6. ಚುಚ್ಚುವುದು

ಹೊಟ್ಟೆ ಒಳ್ಳೆಯ ಜಾಗ, ಹೊಕ್ಕುಳಿನಿಂದ ಮೂರು ಬೆರಳು ದೂರ. ತೊಡೆಯ ಹೊರಬದಿಯೂ ಆಗುತ್ತದೆ. ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, ಚುಚ್ಚಿ, ಪೂರ್ತಿ ತಳ್ಳಿ, ಹತ್ತು ಎಣಿಸಿ, ತೆಗೆಯಿರಿ. ಉಜ್ಜಬೇಡಿ. ಪ್ರತಿ ಸಲವೂ ಹಿಂದಿನ ಜಾಗದಿಂದ ಒಂದು ಬೆರಳು ಸರಿಯಿರಿ. ‘ಅಲ್ಲಿ ನೋವಾಗುವುದಿಲ್ಲ’ ಎಂದು ಒಂದೇ ಕಡೆ ಚುಚ್ಚಿದರೆ ಕೊಬ್ಬಿನ ಗಂಟು ಕಟ್ಟುತ್ತದೆ, ಅಲ್ಲಿಂದ ಮದ್ದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗುವ ಮೊದಲು ವೈದ್ಯರಿಗೆ ತಿಳಿಸಿ: ಅದೇ ಅಳತೆ ಅಲ್ಲಿ ಹೆಚ್ಚಾಗಿ ಶುಗರ್ ಇಳಿದುಬಿಡಬಹುದು.

7. ಊಟ

30/70ರ ಮಾಮೂಲಿ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮೊದಲು. ಮದುವೆ ಮನೆಗೆ ಹೊರಡುವ ಮುನ್ನ ಮನೆಯಲ್ಲೇ ಚುಚ್ಚಿಕೊಂಡು ಹೊರಟರೆ, ಅಲ್ಲಿ ಊಟ ಎಷ್ಟು ಹೊತ್ತಿಗೋ ಯಾರಿಗೂ ಗೊತ್ತಿರುವುದಿಲ್ಲ. ಬಾಟಲಿ ಒಯ್ಯಿರಿ, ಪಂದಿಕರಿಯ ಪಾತ್ರೆ ಕಣ್ಣಿಗೆ ಬಿದ್ದ ಮೇಲೆ ಚುಚ್ಚಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಮದ್ಯ ಬೇಡವೇ ಬೇಡ. ಅದು ಗಂಟೆಗಳ ನಂತರ, ನಿದ್ದೆಯಲ್ಲಿಯೂ, ಶುಗರನ್ನು ಕೆಳಗೆ ಎಳೆಯುತ್ತದೆ.

ಬೆವರು, ನಡುಕ, ಎದೆ ಡವಡವ, ಸಿಡುಕು ಕಂಡರೆ ಶುಗರ್ ಇಳಿದಿರಬಹುದು, ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ, ಇಲ್ಲವೇ ಒಂದು ದೊಡ್ಡ ಚಮಚ ಜೇನು. ಕಾಲು ಗಂಟೆಯ ನಂತರ ಮತ್ತೆ ನೋಡಿ. ಚಾಕೊಲೇಟ್ ನಿಧಾನ, ಬೇಡ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಜ್ವರ, ವಾಂತಿಯಿಂದ ಊಟ ಸೇರದ ದಿನ ಇನ್ಸುಲಿನ್ ಪೂರ್ತಿ ನಿಲ್ಲಿಸುವ ಬದಲು ವೈದ್ಯರಿಗೆ ಫೋನ್ ಮಾಡಿ.

ಥೈರಾಯ್ಡ್ ಮಾತ್ರೆಯೂ ಇರುವವರಿಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಎದ್ದ ಕೂಡಲೇ ಬೆಲ್ಲದ ಕಾಫಿ, ಅದರ ಜೊತೆಯಲ್ಲೇ ಮಾತ್ರೆ. ಕಾಫಿ ಆ ಮದ್ದನ್ನು ಹೊಟ್ಟೆ ಹೀರಿಕೊಳ್ಳದಂತೆ ತಡೆಯುತ್ತದೆ. ಮಾತ್ರೆಗೆ ಬರೀ ನೀರು ಸಾಕು, ಕಾಫಿ ಅರ್ಧದಿಂದ ಒಂದು ಗಂಟೆ ತಡವಾಗಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆಯ ಅಂತರವಿರಲಿ.

8. ಸೂಜಿ

ಒಂದು ಸೂಜಿ ಒಂದೇ ಸಲ. ಬಳಸಿದ್ದನ್ನು ತೋಟಕ್ಕೆ ಎಸೆಯಬೇಡಿ, ಕಾಫಿ ಕೊಯ್ಯುವವರು ಅಲ್ಲೇ ಬರಿಗಾಲಲ್ಲಿ ನಡೆಯುತ್ತಾರೆ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ತುಂಬಿದಾಗ ಮುಚ್ಚಳಕ್ಕೆ ಟೇಪ್ ಸುತ್ತಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕೇಳಿ ಕೊಟ್ಟುಬನ್ನಿ.